ನಿಧಿಯ ನೆಪದಲ್ಲಿ ತಂದೆ-ಮಗ

ಅಮೆರಿಕದ ಸಾಂತಾ ಫೆ ನಗರದ ಕಲಾವಸ್ತು ವ್ಯಾಪಾರಿ ಫಾರೆಸ್ಟ್ ಫೆನ್ ರಾಕಿ ಪರ್ವತಗಳಲ್ಲಿ ಚಿನ್ನ ತುಂಬಿದ ಕಂಚಿನ ಪೆಟ್ಟಿಗೆಯೊಂದನ್ನು ಬಚ್ಚಿಟ್ಟು, ಅದರ ಸುಳಿವನ್ನು 2010ರಲ್ಲಿ 24 ಸಾಲುಗಳ ಪದ್ಯವೊಂದರಲ್ಲಿ ಪ್ರಕಟಿಸಿದರು. ಕುಟುಂಬಗಳು ಮನೆಯ ಸೋಫಾ ಬಿಟ್ಟೆದ್ದು ಬಯಲಿಗೆ ಬರಲೆಂಬುದು ಅವರ ಆಶಯವಾಗಿತ್ತು. ಸಹಸ್ರಾರು ಮಂದಿ ಹೊರಟರು. ಅವರಲ್ಲಿ ತಂದೆ-ಮಗನ ಜೋಡಿಗಳೂ ಇದ್ದವು.

ಇದನ್ನು ಬರಿಯ ಹುಚ್ಚಾಟವೆಂದು ತಳ್ಳಿಹಾಕಲು ನನ್ನ ಮನಸ್ಸೊಪ್ಪದು. ಬೆಳೆದ ಮಗನನ್ನು ಎದುರಿಗೆ ಕೂರಿಸಿ ಮಾತಿಗೆಳೆದರೆ ಅದು ವಿಚಾರಣೆಯಾಗಿಬಿಡುತ್ತದೆ. ಒಂದೇ ನಕ್ಷೆಯ ಮೇಲೆ ಇಬ್ಬರೂ ಬಾಗಿದಾಗ, ತಂದೆಗೂ ದಾರಿ ತಿಳಿಯದೆಂಬುದು ಬಯಲಾದಾಗ, ಮಾತು ತಾನಾಗಿ ಹೊರಡುತ್ತದೆ. (ನಮಗೆ ತರ್ಕಶಾಸ್ತ್ರ ಕಲಿಸಿದ ಗುರುಗಳು ಇದನ್ನು ಹೇಳಿಕೊಡಲಿಲ್ಲ!)

ಆದರೆ ಈ ಹುಡುಕಾಟದಲ್ಲಿ ಕನಿಷ್ಠ ಐವರು ಪ್ರಾಣ ತೆತ್ತರೆಂಬುದನ್ನು ಮರೆಯಲಾಗದು. ಪೆಟ್ಟಿಗೆಯನ್ನು ಬಚ್ಚಿಟ್ಟಾಗ ತಮಗೆ ಎಂಬತ್ತರ ಆಸುಪಾಸು, ಅಪಾಯದ ಜಾಗಗಳಿಗೆ ಹೋಗಬೇಡಿರೆಂದು ಫೆನ್ ಎಚ್ಚರಿಸಿದ್ದರು. 2020ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಪೆಟ್ಟಿಗೆ ಒಬ್ಬರ ಪಾಲಾಯಿತು. ನಾನಂತೂ, ಉಕ್ಕುವ ಹೊಳೆಯ ದಡದಲ್ಲಿ ನಿಂತು, “ಸಾಕು ಮಗನೇ, ಹಿಂತಿರುಗೋಣ” ಎನ್ನಬಲ್ಲ ತಂದೆಯನ್ನೇ ಹೆಚ್ಚು ಮೆಚ್ಚುತ್ತೇನೆ. ಬರಿಗೈಯಾದರೂ, ಊರು ಸೇರುವ ತನಕ ಒಂದೇ ಕಾರಿನಲ್ಲಿ ಅವರಿಬ್ಬರಿಗೆ ನೂರಾರು ಮೈಲಿಗಳ ಪಯಣವಿದೆ.