ಫೀ ಬೇರೆ, ಫ್ರೀ ಬೇರೆ | ಬಿಕಾಂ ಲೆಕ್ಕ, ಭಾಗ 6

ಹೋದ ಪೋಸ್ಟ್‌ನಲ್ಲಿ ಮಿಸ್ಟರಿ ಶಾಪಿಂಗ್ ಬಗ್ಗೆ ಹೇಳಿದ್ದೆ. ಸಾದಾ ಗಿರಾಕಿ ಹಂಗ ಅಂಗಡಿಗೆ ಹೋಗೋದು, ಸೇವೆ ಹೆಂಗೈತಿ ನೋಡೋದು, ಗುಟ್ಟಾಗಿ ರಿಪೋರ್ಟ್ ಕಳಿಸೋದು. ಡಿಎಂನಲ್ಲಿ ಎಲ್ಲಾರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಎಷ್ಟು ಸಿಗ್ತೈತಿ?"

ಏಜೆನ್ಸಿ ಲೆಕ್ಕದಲ್ಲಿ ನನ್ನ ಮೊದಲ ಕೆಲಸಕ್ಕೆ ಸಿಕ್ಕಿದ್ದು ₹750. ಹುಬ್ಬಳ್ಳಿಯಲ್ಲಿ ₹600ರ ಪಿಜ್ಜಾ, ಮೇಲೆ ₹150 ಫೀ. (ಹೆಸರು ಕೇಳಬ್ಯಾಡ್ರಿ, ಹೇಳಂಗಿಲ್ಲ.) ಡೈರಿಯಲ್ಲಿ 750 ಅಂತ ಬರೆದು ಖುಷಿಯಾಗಿ ಆಡೂರಿಗೆ ಬಂದೆ. ಅವ್ವ ಕೇಳಿದಳು, "ರೊಕ್ಕ ಎಷ್ಟು ಬಂತು?"

ಮರುದಿನ ಅವ್ವನ ಸಂಘದ ಕಂತು ಇತ್ತು. ಪಿಜ್ಜಾ ತಿಂದ ಬಿಲ್ ತೋರಿಸಿ ಕಂತು ಕಟ್ಟಾಕ ಬರಂಗಿಲ್ಲ. ಅದಕ್ಕಿಂತ ಕೆಟ್ಟದ್ದು ಅಂದ್ರ, ಆ ₹600 ಮೊದಲು ಕೊಟ್ಟಿದ್ದು ನಾನೇ, ಅದೂ ಅವ್ವನ ಹತ್ರ ಇಸ್ಕೊಂಡು. ವಾಪಸ್ ಬಂದಿದ್ದು 40 ದಿನಕ್ಕೆ.

ಅವತ್ತಿಂದ ನನ್ನ ರೂಲ್ ಒಂದೇ. ಫ್ರೀ ಸಿಕ್ಕಿದ್ದಕ್ಕೆ ಎಂಆರ್‌ಪಿ ಬರೀಬಾರದು. ಅದು ಸಿಗದೇ ಇದ್ದಿದ್ರೆ ನನ್ನ ಕೈಯಿಂದ ಎಷ್ಟು ಖರ್ಚು ಮಾಡ್ತಿದ್ದೆ, ಅಷ್ಟೇ ಬರೀಬೇಕು.

▪️ ಪಿಜ್ಜಾ: ಇಲ್ಲಾಂದ್ರ ಗಿರಮಿಟ್, ಮಿರ್ಚಿ, ಚಾ ಮುಗಿಸ್ತಿದ್ದೆ. ಬರೆದಿದ್ದು ₹60.
▪️ ಸೂಪರ್ ಮಾರ್ಕೆಟ್ ಕೆಲಸ, ₹500 ಸಾಮಾನು: ಎಣ್ಣಿ, ಸಾಬೂನು, ತೊಗರಿಬ್ಯಾಳಿ ತಗೊಂಡೆ. ಮನೆಗೆ ಹೆಂಗೂ ತರೋದೇ. ಪೂರಾ ₹500.
▪️ ₹300 ಕೂಪನ್: ₹1,500 ಖರೀದಿ ಮಾಡಿದ್ರ ಮಾತ್ರ ನಡೀತದ. ಬರೆದಿದ್ದು ₹0.

ಅಂದ್ರ ಆ 750 ನನಗೆ ನಿಜವಾಗಿ 210. ಅದಕ್ಕೆ ಒಂದು ದಿನ ಹೋಯ್ತು. ನನಗೆ ಬಸ್ ಟಿಕೆಟ್ ಸೊನ್ನೆ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಐತಿ. ನಮ್ಮ ಕ್ಲಾಸಿನ ಹುಡುಗರು ಅದೇ ಕೆಲಸಕ್ಕೆ ಹೋದ್ರ ಟಿಕೆಟ್ ರೊಕ್ಕನೂ ಕಳೀಬೇಕು. ಪಿಜ್ಜಾ ಒಂದೇ, ಬೆಲೆ ಇಬ್ಬರಿಗೂ ಬೇರೆ.

"ರೊಕ್ಕ ಅಲ್ಲದ್ದು ಸಂಬಳನೇ ಅಲ್ಲ" ಅಂತ ನಾನು ಹೇಳ್ತಿಲ್ಲ. ನಮ್ಮ ಅಜ್ಜ ಬಡಿಗ. ಕೂರಿಗಿ, ಕುಂಟಿ ಮಾಡಿಕೊಟ್ಟಿದ್ದಕ್ಕೆ ರೈತರು ಸುಗ್ಗಿಯಾಗ ಆಯ ಅಂತ ಭತ್ತ, ಜೋಳ ಅಳೀತಿದ್ರು. ಅದು ವರ್ಷದ ಊಟ. ಬೇಕಾದ್ದು ಸಿಕ್ಕಿತ್ತು, ಅದಕ್ಕ ಬೆಲೆ ಇತ್ತು.

ಕಾಮರ್ಸ್‌ನವರಿಗೆ ಒಂದು ಮಾತು: ಈ ರೂಲ್ ನಿಮ್ಮ ಡೈರಿಗೆ ಮಾತ್ರ, ಟ್ಯಾಕ್ಸ್‌ಗೆ ನಡಿಯಂಗಿಲ್ಲ. 2022ರ ಜುಲೈ 1ರಿಂದ 194ಆರ್ ಕಲಂ ಆಗಿ ಬಂದ ನಿಯಮದ ಪ್ರಕಾರ, ವ್ಯವಹಾರದಲ್ಲಿ ಕೊಟ್ಟ ಉಡುಗೊರೆ, ಸವಲತ್ತು ವರ್ಷಕ್ಕೆ ₹20,000 ದಾಟಿದ್ರೆ ಕೊಡೋ ಕಂಪನಿ 10% ಟಿಡಿಎಸ್ ನೋಡ್ಕೋಬೇಕು. ಅಲ್ಲಿ ಲೆಕ್ಕ ಮಾರುಕಟ್ಟೆ ಬೆಲೆಗೆ. ರೀಲ್ಸ್ ಮಾಡೋರೂ ಕೇಳ್ರಿ: ಪ್ರಚಾರಕ್ಕೆ ಬಂದ ಮೊಬೈಲ್ ಇಟ್ಕೊಂಡ್ರೆ ಅದು ಸವಲತ್ತು, ವಾಪಸ್ ಕೊಟ್ರೆ ಅಲ್ಲ ಅಂತ ಆ ವರ್ಷದ ಸಿಬಿಡಿಟಿ ಸುತ್ತೋಲೆಯೇ ಹೇಳೈತಿ.

ಹಿಂಗಾಗಿ ಕೆಲಸ ಒಪ್ಪೋ ಮೊದಲು ಮೂರು ಕೇಳ್ರಿ: ಕೈಗೆ ಬರೋ ರೊಕ್ಕ ಎಷ್ಟು? ನಾನು ಮೊದಲು ಹಾಕೋದು ಎಷ್ಟು? ವಾಪಸ್ ಯಾವಾಗ? ಉತ್ತರ ಕೊಡದೇ ಬರೀ "ಫ್ರೀ ಫ್ರೀ" ಅಂದ್ರ, ನಿಮ್ಮ ದಿನ ಅವರಿಗೆ ಫ್ರೀ ಸಿಕ್ಕಂಗ.

ನಿಮಗೆ ಕೊನೆಗೆ ಸಿಕ್ಕ ಫ್ರೀ ವಸ್ತು ಯಾವುದು? ಅದರ ಎಂಆರ್‌ಪಿ ಎಷ್ಟು, ನೀವು ಕೈಯಿಂದ ಎಷ್ಟು ಕೊಡ್ತಿದ್ರಿ? ಕಾಮೆಂಟ್‌ನಲ್ಲಿ ಎರಡೂ ಬರೀರಿ 👇

#ಬಿಕಾಂಲೆಕ್ಕ #ಆಡೂರು #ಹಾನಗಲ್