ಎಣ್ಣೆಗೋ ನೀರಿಗೋ? ಡಬ್ಬಿಯೇ ಹೇಳಲಿ

ಮಸಾಲೆ ಸಾರು ಕುದ್ದು ಆರಿದ ಮೇಲೆ ಪಾತ್ರೆಯೊಳಗೆ ಒಮ್ಮೆ ನೋಡಿ. ಮೇಲೆ ತೇಲುವ ಎಣ್ಣೆ ಕೆಂಪಗಿರುತ್ತದೆ. ಮೆಣಸಿನಕಾಯಿ ಬಣ್ಣ ಅಲ್ಲಿಗೆ ಸೇರಿದೆ. ಉಪ್ಪು ಮಾತ್ರ ಕೆಳಗಿನ ನೀರಲ್ಲೇ ಉಳಿದಿದೆ. ಎಣ್ಣೆ, ನೀರು ಬೆರೆಯುವುದಿಲ್ಲ. ನಡುವೆ ಬಿದ್ದ ಪದಾರ್ಥ ತನಗೆ ಒಗ್ಗಿದ ಕಡೆ ಹೋಗಿ ಕೂರುತ್ತದೆ.

ನಾವು ಬೆಳೆಗೆ ಹೊಡೆಯುವ ಔಷಧಿಯದ್ದೂ ಇದೇ ಕಥೆ. ಕೆಲವು ನೀರಿನ ಕಡೆ, ಕೆಲವು ಜಿಡ್ಡಿನ ಕಡೆ. ಯಾವುದು ಎತ್ತ ಎಂದು ತಿಳಿಸುವ ಲೆಕ್ಕ ವಿಜ್ಞಾನಿಗಳ ಹತ್ತಿರ ಇದೆ. ರೈತನಿಗೆ ಮಾತ್ರ ಅದನ್ನು ಯಾರೂ ಹೇಳಿಲ್ಲ.

ಅಳೆಯುವ ಸರಳ ವಿಧಾನ ಹೀಗೆ: ಒಂದು ಸೀಸೆಯಲ್ಲಿ ನೀರು ಮತ್ತು ಆಕ್ಟನಾಲ್ ಎಂಬ, ನೀರಿನಲ್ಲಿ ಬೆರೆಯದ ದ್ರವ ಹಾಕುತ್ತಾರೆ. ಅದಕ್ಕೆ ಚೂರು ಔಷಧಿ ಸೇರಿಸಿ ಚೆನ್ನಾಗಿ ಕುಲುಕಿ, ಎರಡೂ ಪದರ ಬೇರೆಯಾಗಲು ಬಿಡುತ್ತಾರೆ. ಯಾವ ಪದರದಲ್ಲಿ ಎಷ್ಟಿದೆ ಎಂದು ಅಳೆದು ಭಾಗಿಸುತ್ತಾರೆ. ಆಕ್ಟನಾಲ್ ಯಾಕೆ? ಅದು ಸುಮಾರಾಗಿ ಪ್ರಾಣಿಗಳ ಕೊಬ್ಬಿನಂತೆ ನಡೆದುಕೊಳ್ಳುತ್ತದೆ. 1899ರಲ್ಲೇ ಜರ್ಮನಿಯ ಹಾನ್ಸ್ ಮೇಯರ್ ಆಲಿವ್ ಎಣ್ಣೆ, ನೀರು ಇಟ್ಟುಕೊಂಡು ಅರಿವಳಿಕೆ ಮದ್ದುಗಳನ್ನು ಹೀಗೆ ಅಳೆದಿದ್ದರು.

ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. ಡಿಡಿಟಿ ನೀರಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚಾಗಿ ಜಿಡ್ಡಿಗೆ ಹೋಗುತ್ತದೆ. ಬಿಎಚ್‌ಸಿ, ಎಂಡೋಸಲ್ಫಾನ್ ಸಾವಿರಗಟ್ಟಲೆ ಪಟ್ಟು. ಮೊನೊಕ್ರೊಟೊಫಾಸ್ ಮಾತ್ರ ಉಲ್ಟಾ, ಅದಕ್ಕೆ ನೀರೇ ಹೆಚ್ಚು ಇಷ್ಟ.

ಇದರಿಂದ ನಮಗೇನು ಅಂತೀರಾ? ನಮ್ಮ ಬಲಸಮುದ್ರದ ಸುತ್ತ, ಮಧುಗಿರಿ, ಶಿರಾ, ಪಾವಗಡ ಸೀಮೆಯಲ್ಲಿ ಕಡಲೆಕಾಯಿ ಬಿಡಿಸಿಕೊಂಡ ಮೇಲೆ ಬಳ್ಳಿ ದನಕ್ಕೆ, ಎಣ್ಣೆ ತೆಗೆದ ಹಿಂಡಿಯೂ ದನಕ್ಕೆ. ಜಿಡ್ಡು ಹಿಡಿಯುವ ವಿಷ ಬಳ್ಳಿಯಲ್ಲಿದ್ದರೆ ಹಸುವಿನ ಕೊಬ್ಬಿಗೆ ಸೇರಿ, ಅಲ್ಲಿಂದ ಹಾಲಿಗೆ ಇಳಿಯುತ್ತದೆ. ಹಾಲು ಕಡೆದಾಗ ಮಜ್ಜಿಗೆಯಲ್ಲಿ ಉಳಿಯುವುದು ಅಲ್ಪ, ಬೆಣ್ಣೆಗೆ ಹೋಗುವುದೇ ಬಹುಪಾಲು. ಮೊಮ್ಮಗುವಿನ ಬಾಯಿಗೆ ನಾವು ಪ್ರೀತಿಯಿಂದ ಇಡುವುದು ಆ ಬೆಣ್ಣೆಯನ್ನೇ. ಬಳ್ಳಿಯನ್ನು ಬರೀ ನೀರಲ್ಲಿ ತೊಳೆದರೆ ಇಂಥ ವಿಷ ಪೂರ್ತಿ ಹೋಗುವುದಿಲ್ಲ.

ಡಿಡಿಟಿಯನ್ನು ಬೆಳೆಗೆ ಬಳಸುವುದು 1989ರಲ್ಲಿ, ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2001ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಪಡ್ರೆಯ ಜನರ ರಕ್ತದಲ್ಲಿ ಅದು ಇದೆ ಎಂದು ವರದಿ ಕೊಟ್ಟಿತು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಮನೆ ನೊಂದಿದ್ದವು!

ಡಬ್ಬಿಯ ಮೇಲೆ ತ್ರಿಕೋನ ಇದೆಯಲ್ಲ, ಸಾಲದೇ ಎನ್ನಬಹುದು. ಸಾಲದು. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹೇಳುವುದು ವಿಷ ಒಮ್ಮೆಗೇ ಮೈಗೆ ಹೋದರೆ ಎಷ್ಟು ಅಪಾಯ ಎಂಬುದನ್ನು. ದಿನಾ ಚೂರುಚೂರೇ ಹೋದದ್ದು ಎಲ್ಲಿ ಕೂರುತ್ತದೆ ಎಂದು ಅದು ಹೇಳುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: "ಒಳ್ಳೆ ಪವರ್ ಐತೆ, ಹೊಡ್ಕೊಳ್ಳಿ."

ಒಂದು ಎಚ್ಚರಿಕೆ. ನೀರಿಗೆ ಹೋಗುವುದೆಲ್ಲ ಸಾಧು ಅಂತಲ್ಲ. ಮೊನೊಕ್ರೊಟೊಫಾಸ್ ಘೋರ ವಿಷ. ನೀರಿನ ಜೊತೆ ಸುಲಭವಾಗಿ ಸಾಗುವಂಥದ್ದು ಬಾವಿಗೂ ಇಳಿದೀತು. ಜಿಡ್ಡಿಗೆ ಹೋಗುವುದೆಲ್ಲ ಡಿಡಿಟಿಯಷ್ಟು ಕಾಲ ನಿಲ್ಲುವುದೂ ಇಲ್ಲ. ಸೈಪರ್‌ಮೆಥ್ರಿನ್ ಜಿಡ್ಡಿನ ಕಡೆಯದೇ, ಆದರೆ ದನದ ಮೈಯಲ್ಲಿ ಡಿಡಿಟಿಗಿಂತ ಬೇಗ ಒಡೆಯುತ್ತದೆ. ಆದ್ದರಿಂದ ಒಂದಲ್ಲ, ಎರಡು ಮಾತು ಬೇಕು: ಎಣ್ಣೆಗೋ ನೀರಿಗೋ? ಒಡೆಯಲು ಎಷ್ಟು ದಿನ?

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಎರಡು ಸಾಲು ಸಾಕು: "ಇದು ಕೊಬ್ಬಿನಲ್ಲಿ ಸೇರುತ್ತದೆ. ಹೊಡೆದ ಮೇಲೆ ಇಷ್ಟು ದಿನ ಬಳ್ಳಿ, ಮೇವು ಕರೆಯುವ ಹಸುವಿಗೆ ಹಾಕಬೇಡಿ." ಕಣ್ಣಿಗೆ ಕಾಣುವ ಅಕ್ಷರದಲ್ಲಿ, ನಮ್ಮ ಕನ್ನಡದಲ್ಲಿ.

ಅಲ್ಲಿಯವರೆಗೆ ನಾವಾದರೂ ಒಂದು ಮಾಡೋಣ. ಔಷಧಿ ಹೊಡೆದ ತಾಕಿನ ಬಳ್ಳಿಯನ್ನು ಬೇರೆಯೇ ಬಣವೆ ಹಾಕಿ, ಹೆಸರು, ತಾರೀಖು ಬರೆದಿಡೋಣ. ಕೃಷಿ ಅಧಿಕಾರಿ ಊರಿಗೆ ಬಂದಾಗ ಇಳುವರಿಯ ಮಾತು ಮುಗಿದ ಮೇಲೆ ಈ ಪ್ರಶ್ನೆಯನ್ನೂ ಕೇಳೋಣ: "ಸ್ವಾಮಿ, ಇದು ಎಣ್ಣೆಗೋ, ನೀರಿಗೋ?" ಹತ್ತು ಊರಲ್ಲಿ ಹತ್ತು ಜನ ಕೇಳಿದರೆ ಉತ್ತರ ಹುಡುಕಿಕೊಂಡು ಬರಲೇಬೇಕಾಗುತ್ತದೆ. ಏನಂತೀರಿ?