ಹೊಳೆಯ ನೀರಿಗೆ ಬೆಳಕಿನ ಪರೀಕ್ಷೆ

ನೀರಿನಲ್ಲಿ ವಿಷವಿದೆಯೆಂದು ಊರವರು ಹೇಳಿದರೆ ಸಾಲದು, ಪ್ರಯೋಗಾಲಯದ ಅಂಕಿ ಬೇಕು. ಆ ಅಂಕಿ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಕಾಸರಗೋಡಿನ ಪಡ್ರೆ ಗ್ರಾಮ ನಮ್ಮೆಲ್ಲರ ಮುಂದಿಟ್ಟಿತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಾನುವರ್ಷ ಎಂಡೋಸಲ್ಫಾನ್ ಸುರಿಸಿದ ಆ ಊರಿನ ನೀರಿನಲ್ಲೂ ಜನರ ರಕ್ತದಲ್ಲೂ ವಿಷದ ಶೇಷವಿದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪ್ರಕಟಿಸಿತು. ಮತ್ತೊಂದು ಪ್ರಯೋಗಾಲಯ ಅದನ್ನು ಅಲ್ಲಗಳೆಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ 2002ರ ವರದಿ ಮಕ್ಕಳ ರಕ್ತದಲ್ಲಿನ ಶೇಷವನ್ನು ದೃಢಪಡಿಸಿತು. ಸರ್ವೋಚ್ಚ ನ್ಯಾಯಾಲಯದ ನಿಷೇಧಾಜ್ಞೆ ಬಂದದ್ದು 2011ರ ಮೇ ತಿಂಗಳಿನಲ್ಲಿ. ಪರೀಕ್ಷೆಯು ದೂರದ ಪಟ್ಟಣದ ಸೊತ್ತಾಗಿರುವವರೆಗೆ ಇಂತಹ ವಿಳಂಬ ತಪ್ಪದು.

ಆದುದರಿಂದಲೇ ಬೆಳಕಿನಿಂದ ನೀರನ್ನು ಪರೀಕ್ಷಿಸುವ ಪುಟ್ಟ ಚಿಪ್‌ಗಳ ಕುರಿತು ಮಲೆನಾಡಿಗರೂ ತಿಳಿದಿರಬೇಕೆಂಬುದು ನಮ್ಮ ಅಭಿಮತ.

ಅಬ್ಬಿಯ ನೀರನ್ನು ಅಡಿಕೆಯ ದಂಬೆ ಮನೆಯಂಗಳಕ್ಕೆ ತರುವಂತೆ, ಈ ಚಿಪ್‌ನ ಮೈಮೇಲಿನ ಸಿಲಿಕಾನ್ ಎಳೆ ಬೆಳಕನ್ನು ಹರಿಸುತ್ತದೆ. ಎಳೆಯ ಅಗಲ ಸುಮಾರು 500 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗ. ದಂಬೆಯ ಹೊರಮೈ ತುಸು ತೇವಗೊಳ್ಳುವುದುಂಟಲ್ಲವೆ? ಹಾಗೆಯೇ ಎಳೆಯೊಳಗಿನ ಬೆಳಕಿನ ಅಂಚು ನೂರಿನ್ನೂರು ನ್ಯಾನೊಮೀಟರಿನಷ್ಟು ಹೊರಚಾಚಿರುತ್ತದೆ. ಅಲ್ಲಿ ಯಾವುದಾದರೂ ಅಣು ಬಂದು ಅಂಟಿಕೊಂಡರೆ ಬೆಳಕಿನ ವೇಗ ಕಿಂಚಿತ್ತು ತಗ್ಗುತ್ತದೆ. ಎಳೆಯನ್ನು ಉಂಗುರವಾಗಿ ಬಾಗಿಸಿದರೆ ಬೆಳಕು ಅದರಲ್ಲಿ ಮತ್ತೆ ಮತ್ತೆ ಸುತ್ತಿ, ಆ ಸೂಕ್ಷ್ಮ ವ್ಯತ್ಯಾಸವೂ ಅಳತೆಗೆ ಸಿಗುತ್ತದೆ. ಈ ವಿದ್ಯೆ ತೀರ ಹೊಸದಲ್ಲ. ಜೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಲುಕೋಶ್ ಮತ್ತು ಟೀಫೆಂಥಾಲರ್ 1980ರ ದಶಕದಲ್ಲಿಯೇ, ಗಾಳಿಯ ತೇವಾಂಶ ಬದಲಾದರೆ ಚಿಪ್‌ನೊಳಗೆ ಬೆಳಕು ಹೊಗುವ ಕೋನವೂ ಬದಲಾಗುವುದನ್ನು ತೋರಿಸಿಕೊಟ್ಟಿದ್ದರು.

ನದಿಗೆ ಇದನ್ನು ಅನ್ವಯಿಸಿದವರು ಯುರೋಪಿನವರು. ಅಲ್ಲಿ 2001ರಿಂದ 2004ರವರೆಗೆ ನಡೆದ ಅವಾಕ್ಸ್ ಎಂಬ ಯೋಜನೆಯ ಉಪಕರಣ, ನೀರನ್ನು ಮುಂಚಿತವಾಗಿ ಸಾಂದ್ರಗೊಳಿಸದೆ, ಒಂದೇ ಚಿಪ್‌ನ ಮೇಲೆ 32 ಬಗೆಯ ಮಾಲಿನ್ಯಕಾರಕಗಳನ್ನು ಅಳೆಯುವಂತೆ ರೂಪುಗೊಂಡಿತು. ಅದರ ಕ್ರಮ ಕುತೂಹಲಕರ. ಪ್ರತಿಯೊಂದು ವಿಷಕ್ಕೂ ಅದನ್ನೇ ಹಿಡಿಯಬಲ್ಲ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದೊಡನೆ ನೀರಿಗೆ ಬೆರೆಸುತ್ತಾರೆ. ನೀರಿನಲ್ಲಿ ವಿಷವಿದ್ದರೆ ಅವು ಅದಕ್ಕೇ ಅಂಟಿಕೊಂಡು, ಚಿಪ್‌ನ ಮೇಲೆ ಕೂರಲು ಉಳಿಯುವುದು ಕೆಲವೇ. ಹೊಳಪು ಕಡಿಮೆಯಾದಷ್ಟೂ ವಿಷ ಹೆಚ್ಚೆಂದು ಅರ್ಥ!

ಅಷ್ಟು ಸೂಕ್ಷ್ಮತೆ ಅಲ್ಲಿ ಕಾನೂನಿನ ಅಗತ್ಯವಾಗಿತ್ತು. ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೊಗ್ರಾಂ ಮೀರಬಾರದೆಂಬುದು ಯುರೋಪಿನ ನಿಯಮ. ಒಂದು ಕೋಟಿ ಲೀಟರ್ ನೀರಿಗೆ ಒಂದೇ ಗ್ರಾಂ. ಕಾಫಿಯ ಕಾಂಡಕೊರಕಕ್ಕೆ ನಮ್ಮ ತೋಟಗಳು ಬಳಸಿದ ಕ್ಲೋರ್‌ಪೈರಿಫಾಸ್‌ಗೆ ಭಾರತದ 2012ರ ಮಾನಕ ಅನುಮತಿಸಿದ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ, ಮುನ್ನೂರು ಪಟ್ಟು. ಮಿತಿಯೇ ಇಷ್ಟು ಸಡಿಲವಾಗಿರುವಲ್ಲಿ ಎಷ್ಟು ಸೂಕ್ಷ್ಮವಾದ ಉಪಕರಣ ಬಂದರೂ ಅದು ಕೊಡುವ ಉತ್ತರ ಒಂದೇ: ‘ನೀರು ಸುರಕ್ಷಿತ’. ಮಿತಿಯನ್ನು ಕುರಿತ ಹೋರಾಟ ಚಿಪ್‌ಗಿಂತ ಮೊದಲಿನದು.

ಮಿತಿಗಳು ಚಿಪ್‌ಗೂ ಉಂಟು. ತನಗೆ ಪರಿಚಯಿಸಿದ ಅಣುವನ್ನಷ್ಟೇ ಅದು ಗುರುತಿಸುತ್ತದೆ. ಕೀಟನಾಶಕಕ್ಕೆಂದು ಸಿದ್ಧಪಡಿಸಿದ ಚಿಪ್, ಬೋರ್ಡೊ ದ್ರಾವಣದಿಂದ ತೊರೆಗಿಳಿಯುವ ತಾಮ್ರದ ಬಗ್ಗೆ ಮೂಕವಾಗಿರುತ್ತದೆ. ಒಂದು ಡಿಗ್ರಿ ಉಷ್ಣತೆ ಏರಿದರೂ ಸಿಲಿಕಾನ್ ಉಂಗುರದ ಓದು ಜಾರುತ್ತದೆ, ವಿಷ ಅಂಟಿದಾಗಿನ ಜಾರುವಿಕೆಯನ್ನೂ ಮೀರಬಹುದಾದಷ್ಟು. ಆದ್ದರಿಂದ ಪಕ್ಕದಲ್ಲಿ ಏನೂ ಅಂಟದ ಇನ್ನೊಂದು ಉಂಗುರವನ್ನಿಟ್ಟು ತಾಳೆ ನೋಡಬೇಕು. ಇನ್ನು ಆಷಾಢದ ಕೆಂಪುನೀರು! ಮಣ್ಣಿನ ಕಣ, ಪಾಚಿ, ಬ್ಯಾಕ್ಟೀರಿಯಾಗಳ ಲೇಪದಲ್ಲಿ ಚಿಪ್‌ನ ಮೈ ಮುಚ್ಚಿಹೋಗುವುದು. ಸೋಸದೆ ಹೊಳೆಯಲ್ಲಿ ಮುಳುಗಿಸಿಡಬಹುದಾದ ಸಾಧನ ಇದಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಸಿಲಿಕಾನ್ ಬೆಳಕಿನ ಚಿಪ್‌ಗಳ ಸಂಶೋಧನೆ ನಡೆದಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ದಾರಿ ಹಿಡಿಯಲಿ, ನಮ್ಮ ತೊರೆಗಳ ನೀರನ್ನೂ ಅಲ್ಲಿಗೆ ಒಯ್ಯಲಿ. ಸರ್ಕಾರ ಇಂತಹ ಉಪಕರಣಗಳನ್ನು ಹೊಳೆದಡದಲ್ಲಿ ಸ್ಥಾಪಿಸುವ ದಿನ ಬಂದರೆ, ಅವುಗಳ ಓದು ಅದೇ ದಿನ ಗ್ರಾಮ ಪಂಚಾಯತಿಯ ಫಲಕದಲ್ಲಿ ಕಾಣಬೇಕೆಂಬುದು ನಮ್ಮ ಬೇಡಿಕೆ. 2005ರ ಮಾಹಿತಿ ಹಕ್ಕು ಕಾಯಿದೆ ಕಡತಗಳ ನಕಲಿಗೆ ಮಾತ್ರ ಸೀಮಿತವಲ್ಲ. ವಸ್ತುಗಳ ದೃಢೀಕೃತ ಮಾದರಿ ಪಡೆಯುವುದೂ ಅದರಲ್ಲಿ ಸೇರಿದೆಯೆಂಬುದನ್ನು ಬಲ್ಲವರು ಕಡಿಮೆ.

ಅಲ್ಲಿಯವರೆಗೆ, ಸಿಂಪಡಣೆಯಾದ ನಂತರದ ಮೊದಲ ಮಳೆಗೆ ನೀರು ಹಿಡಿದಿಡುವವರು ಕಂದು ಗಾಜಿನ ಬಾಟಲಿಯನ್ನೇ ಬಳಸಬೇಕು. ಪ್ಲಾಸ್ಟಿಕ್‌ನ ಗೋಡೆಗೆ ಕೀಟನಾಶಕ ಅಂಟಿಕೊಳ್ಳುತ್ತದೆ. ಸ್ಥಳ, ದಿನಾಂಕ, ಗಂಟೆ ಬರೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ತಡಮಾಡದೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು.